ವಾರಕ್ಕೆ ಎರಡು ಗಂಟೆ: ಅರವತ್ತು ದಾಟಿದವರು ಊರಿನ ಕೆಲಸಕ್ಕೆ ಕೈ ಹಚ್ಚುವುದು ಹೇಗೆ

ವರ್ಷಕ್ಕೆ 100 ಗಂಟೆ. ಈ ಲೆಕ್ಕ ಮೊದಲು ತಲೆಯಲ್ಲಿರಲಿ. ವಾರಕ್ಕೆ ಎರಡು ಗಂಟೆಯಂತೆ 50 ವಾರ. ಉಳಿದ ಎರಡು ವಾರ ಜಾತ್ರೆಗೆ, ಮದುವೆ ಮುಂಜಿಗೆ, ಜ್ವರ ನೆಗಡಿಗೆ ಇರಲಿ.

ಸಮಾಜಸೇವೆ ಅಂದ ಕೂಡಲೇ ನಮಗೆ ಕಣ್ಣಿಗೆ ಬರುವುದು ಬ್ಯಾನರು, ಶಾಲು, ಗ್ರೂಪ್ ಫೋಟೋ. ನಾನು ಹೇಳಹೊರಟಿದ್ದು ಅದಲ್ಲ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ನಿಮ್ಮ ದಾರಿ ಕಾಯುವ ಒಬ್ಬರ ಹತ್ತಿರ ಹೋಗಿ ಒಂದು ಸಣ್ಣ ಕೆಲಸ ಮಾಡಿ ಬರುವುದು. ನಾನು ಶಿರಸಿಯಲ್ಲಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ನಾಲ್ಕು ವರ್ಷದಿಂದ ಪ್ರತಿ ಬುಧವಾರ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಗೆ ಓದಿಸುತ್ತೇನೆ. ನಿವೃತ್ತಿಯ ಮೊದಲ ಮಳೆಗಾಲ ಇನ್ನೂ ನೆನಪಿದೆ. ಮಕ್ಕಳು ಬೆಂಗಳೂರಲ್ಲಿ. ಕರೆಂಟ್ ಇಲ್ಲ. ಪೇಪರನ್ನು ಎರಡು ಸಲ ಓದಿ ಮುಗಿಸಿ, ಹನ್ನೊಂದಕ್ಕೇ ಊಟದ ಹೊತ್ತಾಯ್ತಾ ಅಂತ ಗಡಿಯಾರ ನೋಡುತ್ತಿದ್ದೆ. ಇವತ್ತು ಸ್ನಾನ ಮಾಡದಿದ್ದರೂ ಕೇಳುವವರಿಲ್ಲ ಅನ್ನಿಸಿದ ದಿನ ನಿಜಕ್ಕೂ ಹೆದರಿಕೆಯಾಯಿತು.

ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ನೂರು ಗಂಟೆಯ ಲೆಕ್ಕ ನಾನು ಕಟ್ಟಿದ್ದಲ್ಲ. ಅಮೆರಿಕದಲ್ಲಿ 50 ದಾಟಿದ ಸುಮಾರು 13,000 ಜನರನ್ನು ನಾಲ್ಕು ವರ್ಷ ಗಮನಿಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ವರ್ಷಕ್ಕೆ 100 ಗಂಟೆ ಅಥವಾ ಜಾಸ್ತಿ ಹೊತ್ತು ಸಂಬಳವಿಲ್ಲದೆ ಊರಿನ ಕೆಲಸ ಮಾಡಿದವರಲ್ಲಿ ಸಾವಿನ ಅಪಾಯ ಕಡಿಮೆ ಇತ್ತು. ಎದ್ದು ಓಡಾಡುವ ಶಕ್ತಿ ಚೆನ್ನಾಗಿ ಉಳಿದಿತ್ತು. ಬದುಕಿಗೊಂದು ಗುರಿಯಿದೆ ಅನ್ನುವ ಭಾವನೆ ಹೆಚ್ಚಿತ್ತು, ಒಂಟಿತನ ಕಡಿಮೆ ಇತ್ತು.

ಆದರೆ ಅದೇ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇಂಥವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಯಾರಾದರೂ ‘ಸೇವೆ ಮಾಡಿ, ಶುಗರ್ ಇಳಿಯುತ್ತೆ’ ಅಂದರೆ ನಂಬಬೇಡಿ. ಮಾತ್ರೆ ಮಾತ್ರೆಯೇ. ಇನ್ನೊಂದು ವಿಷಯವೂ ಇದೆ. ಮೊದಲೇ ಗಟ್ಟಿಮುಟ್ಟಾಗಿ ಇರುವವರೇ ಇಂಥ ಕೆಲಸಕ್ಕೆ ಹೊರಡುವುದು ಜಾಸ್ತಿ. ಲಾಭದಲ್ಲಿ ಎಷ್ಟು ಪಾಲು ಕೆಲಸದ್ದು, ಎಷ್ಟು ಪಾಲು ಅವರ ಮೊದಲಿನ ಆರೋಗ್ಯದ್ದು ಅಂತ ಬೇರ್ಪಡಿಸುವುದು ಕಷ್ಟ.

2003ರ ಇನ್ನೊಂದು ಅಧ್ಯಯನ ನನಗೆ ತುಂಬಾ ಸಮಾಧಾನ ಕೊಟ್ಟಿದೆ. ನೂರು ಗಂಟೆ ದಾಟಿ ಎಷ್ಟು ಮಾಡಿದರೂ ಲಾಭ ಅದೇ ಅಳತೆಯಲ್ಲಿ ಏರುತ್ತಾ ಹೋಗುವುದಿಲ್ಲ ಅಂತ ಅದು ಹೇಳಿತು. ದಿನವಿಡೀ ಓಡಾಡಬೇಕಾಗಿಲ್ಲ. ಗಂಡನನ್ನೋ ಹೆಂಡತಿಯನ್ನೋ ಇತ್ತೀಚೆಗೆ ಕಳೆದುಕೊಂಡವರ ಬಗ್ಗೆ 2018ರಲ್ಲಿ ಬಂದ ಅಧ್ಯಯನವೂ ಎರಡು ಗಂಟೆಗೇ ಬಂದು ನಿಲ್ಲುತ್ತದೆ. ವಾರಕ್ಕೆ ಎರಡು ಗಂಟೆಯಾದರೂ ಇಂಥ ಕೆಲಸ ಶುರು ಮಾಡಿದವರ ಒಂಟಿತನ, ಸಂಗಾತಿ ಜೊತೆಗಿರುವವರ ಮಟ್ಟಕ್ಕೆ ಇಳಿದಿತ್ತು.

ಕೊನೆಯದಾಗಿ 2012ರದ್ದು. ಬೇರೆಯವರಿಗಾಗಿ ಮಾಡಿದವರು ಹೆಚ್ಚು ಬಾಳಿದ್ದರು. ತಮ್ಮ ಒಳ್ಳೆಯದಕ್ಕೆ ಅಂತಲೇ ಮಾಡಿದವರಿಗೂ ಏನೂ ಮಾಡದವರಿಗೂ ಅಂಥ ವ್ಯತ್ಯಾಸ ಇರಲಿಲ್ಲ. ನಮ್ಮ ಕಡೆ ತೋಟದ ಕೆಲಸಕ್ಕೆ ಮುಯ್ಯಾಳು ಪದ್ಧತಿ ಇತ್ತಲ್ಲ, ಇವತ್ತು ನಾವು ನಿಮ್ಮ ಮನೆಗೆ, ನಾಳೆ ನೀವು ನಮ್ಮ ಮನೆಗೆ ಅಂತ. ಅದು ಒಳ್ಳೆಯ ಪದ್ಧತಿಯೇ. ಆದರೆ ಇಲ್ಲಿ ಮುಯ್ಯಿ ತಿರುಗಿ ಬರುವುದಿಲ್ಲ ಅಂತ ಮೊದಲೇ ಒಪ್ಪಿಕೊಂಡು ಹೊರಡಬೇಕು.

ಹೆಜ್ಜೆ 1: ಮೊದಲು ನಿಮ್ಮ ಮೈ, ನಿಮ್ಮ ಮನೆ

ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ದೂರ ನಡೆದರೆ ಮಂಡಿ ನೋಯುತ್ತದೆ, ಸಣ್ಣ ಅಕ್ಷರ ಕಾಣುತ್ತದಾ, ಗದ್ದಲದಲ್ಲಿ ಮಾತು ಕೇಳುತ್ತದಾ, ಮಾತ್ರೆ ಎಷ್ಟು ಹೊತ್ತಿಗೆ, ಎಷ್ಟು ಹೊತ್ತಿಗೊಮ್ಮೆ ಬಚ್ಚಲಿಗೆ ಹೋಗಬೇಕಾಗುತ್ತದೆ. ಎಲ್ಲಾ ಬರೆಯಿರಿ. ಕಡೆಯದ್ದನ್ನು ಹೇಳಲು ನಾಚಿಕೆ ಪಡುವವರೇ ಜಾಸ್ತಿ. ಆದರೆ ಎಷ್ಟೋ ಜನ ಎರಡನೇ ವಾರಕ್ಕೇ ಬಿಟ್ಟುಬಿಡುವುದು ಆ ಕಾರಣಕ್ಕೇ.

ಆಮೇಲೆ ಮನೆ. ಹಾಸಿಗೆ ಹಿಡಿದವರನ್ನು ಹಗಲು ರಾತ್ರಿ ನೋಡಿಕೊಳ್ಳುತ್ತಿದ್ದರೆ ನಿಮಗೆ ಬೇಕಾಗಿರುವುದು ವಿಶ್ರಾಂತಿ. ಇನ್ನೊಂದು ಸೇವೆ ಬೇಡ. ಇದನ್ನು ಹೆಂಗಸರಿಗೆ ಒತ್ತಿ ಹೇಳಬೇಕು. ನಲವತ್ತು ವರ್ಷ ಬೇರೆಯವರ ಊಟ, ಬಟ್ಟೆ, ಬಾಣಂತನ ಅಂತ ಸವೆದವರಿಗೆ ‘ಈಗ ಪುರುಸೊತ್ತು ಇದೆಯಲ್ಲ, ಅಲ್ಲಿ ಅಡುಗೆಗೆ ಬನ್ನಿ’ ಅಂತ ಕರೆಯುವುದು ನ್ಯಾಯ ಅಲ್ಲ. ಅಂಥವರು ಮನೆಯಲ್ಲಿ ಮಾಡಿದ್ದನ್ನೇ ಹೊರಗೂ ಮಾಡಬಾರದು. ಬೇರೆ ಏನಾದರೂ ಆರಿಸಿಕೊಳ್ಳಿ.

ಹೆಜ್ಜೆ 2: ನಿಮ್ಮ ಕೈಗೆ ಏನು ಗೊತ್ತು

ಲೋಕಕ್ಕೆ ಏನು ಬೇಕು ಅಂತ ಯೋಚಿಸಲು ಕೂತರೆ ತಲೆ ಬಿಸಿಯಾಗುತ್ತದೆ. ನಿಮ್ಮ ಕೈಗೆ ಗೊತ್ತಿರುವುದನ್ನು ಮೊದಲು ನೋಡಿ. ಬ್ಯಾಂಕಿನಲ್ಲಿ ಇದ್ದವರಿಗೆ ಪಾಸ್‌ಬುಕ್ಕು, ಚಲನ್ ಗೊತ್ತು. ತೋಟದವರಿಗೆ ಉಪ್ಪಿನಕಾಯಿ ಮಾವು ಅಪ್ಪೆಮಿಡಿಯ ಗಿಡಕ್ಕೆ ಕಸಿ ಕಟ್ಟುವುದು ಗೊತ್ತು. ಯಕ್ಷಗಾನದಲ್ಲಿ ತಿರುಗಿದವರಿಗೆ ತಾಳ ಗೊತ್ತು. ಬಟ್ಟೆ ಹೊಲಿಯುವವರು, ಬಲೆ ನೇಯುವವರು, ಬೀಜ ಗುರುತಿಸುವವರು ಎಲ್ಲರ ಹತ್ತಿರವೂ ಕೊಡಲು ಒಂದೊಂದು ಇರುತ್ತದೆ.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನಪಿಸಿಕೊಳ್ಳಿ. ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದವರು. ಯಾವ ಮರದ ಬೀಜ, ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಅನ್ನುವುದು ಅವರ ಕೈಯಲ್ಲಿತ್ತು. ನಿವೃತ್ತಿಯಾದ ಮೇಲೂ ಸಸಿ ಬಿಡಲಿಲ್ಲ, ಗೊತ್ತಿದ್ದನ್ನು ಮಕ್ಕಳಿಗೆ ಹೇಳಿಕೊಡುತ್ತಿದ್ದರು. 2021ರಲ್ಲಿ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ತೆಗೆದುಕೊಂಡರು. ಅದೇ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರ ಹತ್ತಿರ ಇದ್ದಿದ್ದು ಅವರ ಹಾಲಕ್ಕಿ ಸಮುದಾಯದ ಹಾಡು. ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧವೂ ನಿಂತರು. ಅವರಷ್ಟು ನಮಗೆ ಆಗಲಿಕ್ಕಿಲ್ಲ. ಆದರೆ ಇಬ್ಬರೂ ಹೊಸತೇನನ್ನೋ ಕಲಿಯಲು ಹೋಗಲಿಲ್ಲ, ತಮ್ಮ ಹತ್ತಿರ ಇದ್ದದ್ದನ್ನೇ ಎತ್ತಿಕೊಂಡರು, ಅಲ್ವಾ?

ಹೆಜ್ಜೆ 3: ಯಾವ ಬಾಗಿಲು ತಟ್ಟಬೇಕು

ಸರ್ಕಾರಿ ಶಾಲೆ ನನ್ನ ಮೊದಲ ಆಯ್ಕೆ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳಿಗೆ ಪಕ್ಕದಲ್ಲಿ ಕೂತು ಓದಿಸುವವರು ಬೇಕು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 60 ದಾಟಿದವರನ್ನು ಪ್ರಾಥಮಿಕ ಶಾಲೆಗಳಿಗೆ ಕಳಿಸಿ, ಅವರ ಆರೋಗ್ಯ ಏನಾಗುತ್ತದೆ ಅಂತ ವರ್ಷಗಟ್ಟಲೆ ಅಳೆದಿದ್ದಾರೆ. ಅಲ್ಲಿ ವಾರಕ್ಕೆ 15 ಗಂಟೆ. ಹೀಗೆ ಹೋದವರಲ್ಲಿ, ಮುಖ್ಯವಾಗಿ ಹೆಂಗಸರಲ್ಲಿ, ನಡಿಗೆ, ಓಡಾಟ ಹೆಚ್ಚಾಗಿದ್ದು ಕಂಡಿತು. ನಮಗೆ ಅಷ್ಟು ಹೊತ್ತು ಬೇಡ.

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಎರಡನೆಯದು. ಮೊದಲಿನ ಪಂಚಾಯಿತಿ ಗ್ರಂಥಾಲಯವೇ ಈಗ ಈ ಹೆಸರಲ್ಲಿದೆ. ಶನಿವಾರ ಮಧ್ಯಾಹ್ನ ಅಲ್ಲಿ ಒಂದು ಕತೆ ಹೇಳಿದರೂ ಸಾಕು. ಮಂಡಿ ನೋವಿನವರಿಗೆ ಇದು ಒಳ್ಳೆಯದು, ಕೂತೇ ಮಾಡಬಹುದು.

ಆಸ್ಪತ್ರೆ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಜೋಯಿಡಾದ ಒಳಗಿನಿಂದ, ಘಟ್ಟದ ಮೇಲಿಂದ ಜನ ಬರುತ್ತಾರೆ. ಚೀಟಿ ಎಲ್ಲಿ, ಎಕ್ಸ್‌ರೇ ಎಲ್ಲಿ ಅಂತ ಗೊತ್ತಾಗದೆ ಗೋಡೆಗೆ ಆತು ನಿಂತಿರುತ್ತಾರೆ. ಅವರ ಜೊತೆ ನಾಲ್ಕು ಹೆಜ್ಜೆ ಹೋಗುವುದೇ ಕೆಲಸ. ಆದರೆ ಆಡಳಿತದವರ ಒಪ್ಪಿಗೆ ಇಲ್ಲದೆ ಹೋಗಬೇಡಿ. ಔಷಧಿಯ ಬಗ್ಗೆ ಸಲಹೆಯಂತೂ ಕೊಡಲೇಬೇಡಿ.

ಅರ್ಜಿ, ಪಿಂಚಣಿಯ ಕೆಲಸ ನನ್ನಂಥ ಕಚೇರಿಯವರಿಗೆ ಸರಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಸರ್ಕಾರಿ ನೌಕರಿಯ ಪಿಂಚಣಿದಾರರು ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೇ ಬಂದು ಅದನ್ನು ಮಾಡಿಕೊಡುವ ವ್ಯವಸ್ಥೆ ಇದೆ ಅಂತ ಎಷ್ಟೋ ಹಳ್ಳಿಗಳಲ್ಲಿ ಗೊತ್ತೇ ಇಲ್ಲ. ಆ ಒಂದು ಮಾತನ್ನು ಹತ್ತು ಮನೆಗೆ ಮುಟ್ಟಿಸಿದರೂ ಹತ್ತು ಜನರಿಗೆ ಬಸ್ಸಿನ ಹಿಂಸೆ ತಪ್ಪುತ್ತದೆ.

ಇಲ್ಲಿ ನನ್ನಿಂದ ಆದ ಒಂದು ತಪ್ಪನ್ನು ಹೇಳಬೇಕು. ಎರಡನೇ ವರ್ಷ ಉತ್ಸಾಹದಲ್ಲಿ ಆರು ಜನರ ಅರ್ಜಿ, ಕಾಗದಪತ್ರ ಎಲ್ಲಾ ಮನೆಗೆ ತಂದು ಇಟ್ಟುಕೊಂಡೆ. ಸಾವಕಾಶ ತುಂಬಿ ಕೊಡೋಣ ಅಂತ. ಜುಲೈ ತಿಂಗಳು. ಹೆಂಚು ಸೋರಿ ಒಬ್ಬ ಅಜ್ಜಿಯ ಕಾಗದ ಒದ್ದೆಯಾಗಿ ಅಂಟಿಕೊಂಡವು. ಅವರು ಮತ್ತೆ ಎಲ್ಲಾ ಮಾಡಿಸಬೇಕಾಯಿತು, ಎರಡು ತಿಂಗಳು ತಡವಾಯಿತು. ಅಜ್ಜಿ ಒಂದು ಮಾತು ಬೈಯಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಅವತ್ತಿನಿಂದ ಯಾರ ಕಾಗದವನ್ನೂ ಮನೆಗೆ ತರುವುದಿಲ್ಲ. ಅವರೆದುರೇ ತುಂಬಿ, ಓದಿ ಹೇಳಿ, ಅವರ ಕೈಗೇ ಕೊಡುತ್ತೇನೆ. ನೀವೂ ಹಾಗೇ ಮಾಡಿ. ಯಾರ ಒಟಿಪಿಯನ್ನೂ ಕೇಳಬೇಡಿ, ಎಟಿಎಂ ಕಾರ್ಡ್ ಮುಟ್ಟಬೇಡಿ, ಅವರ ಪರವಾಗಿ ದುಡ್ಡು ತೆಗೆಯಲು ಹೋಗಬೇಡಿ. ಎಷ್ಟೇ ಬೇಕಾದವರಾದರೂ ಸರಿ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರು ಒಂದು ಚೀಲ ಹಿಡಿದು ಪ್ಲಾಸ್ಟಿಕ್ ಆರಿಸಬಹುದು. ಆದರೆ ಬಗ್ಗುವ ಕೆಲಸ, ಸೊಂಟ ನೋಡಿಕೊಳ್ಳಿ. ದೇವಸ್ಥಾನದ ಅನ್ನಸಂತರ್ಪಣೆಗೆ ಕೈಗಳು ಈಗಾಗಲೇ ಬೇಕಾದಷ್ಟಿವೆ. ಅಲ್ಲಿ ಹೋಗುವುದು ಸಂತೋಷವೇ, ಆದರೆ ನಿಮಗಾಗಿ ಯಾರೂ ಕಾಯುತ್ತಿರುವುದಿಲ್ಲ.

ಹೆಜ್ಜೆ 4: ಕೇಳುವುದು ಹೇಗೆ

ಇಲ್ಲಿ ಎಷ್ಟೋ ಜನ ಮುಗ್ಗರಿಸುತ್ತಾರೆ. ‘ನಾನು ಬಂದು ನಿಮ್ಮ ಶಾಲೆ ಸುಧಾರಿಸುತ್ತೇನೆ’ ಅನ್ನುವ ಧಾಟಿ ಬಂದರೆ ಯಾವ ಅಕ್ಕೋರೂ (ನಮ್ಮ ಕಡೆ ಟೀಚರಿಗೆ ಹಾಗನ್ನುತ್ತೇವೆ) ಒಪ್ಪುವುದಿಲ್ಲ. ಅವರಿಗೆ ದಾಖಲೆ, ಬಿಸಿಯೂಟ, ತರಬೇತಿ ಅಂತ ನೂರೆಂಟು ಕೆಲಸ ಇರುತ್ತವೆ. ಹೀಗೆ ಹೇಳಿ ನೋಡಿ:

“ಅಕ್ಕೋರೇ, ನಾನು ಪೋಸ್ಟಾಫೀಸಲ್ಲಿ ಇದ್ದವಳು. ಬುಧವಾರ ಹತ್ತೂವರೆಯಿಂದ ಹನ್ನೆರಡೂವರೆ ತನಕ ಬರ್ತೇನೆ. ಓದೋದು ಹಿಂದೆ ಬಿದ್ದ ಮಕ್ಕಳ ಹತ್ರ ಕೂತು ಓದಿಸ್ತೇನೆ. ಒಂದು ತಿಂಗಳು ನೋಡಿ. ನಿಮಗೆ ತೊಂದ್ರೆ ಅನ್ನಿಸಿದ್ರೆ ಹೇಳಿ, ನಾನು ಬೇಜಾರು ಮಾಡ್ಕೊಳ್ಳೂದಿಲ್ಲ.”

ದಿನ, ಹೊತ್ತು, ಕೆಲಸ, ಬಿಡುಗಡೆಯ ದಾರಿ ನಾಲ್ಕೂ ಇದರಲ್ಲಿವೆ. ಮುಖ್ಯ ಶಿಕ್ಷಕರ ಜೊತೆ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ತಿಳಿಸಿ. ಮಕ್ಕಳ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಬೇಡಿ, ಎಲ್ಲರಿಗೂ ಕಾಣುವ ಜಗಲಿಯಲ್ಲೇ ಕೂರಿ. ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಚಾಕಲೇಟ್ ಹಂಚುವ ಅಭ್ಯಾಸವೂ ಬೇಡ. ಮಕ್ಕಳು ಆಮೇಲೆ ಕೈ ನೋಡುತ್ತಾರೆ, ಪುಸ್ತಕ ನೋಡುವುದಿಲ್ಲ.

ಹೆಜ್ಜೆ 5: ಮೊದಲ ತಿಂಗಳು

ಮೊದಲ ಬುಧವಾರ ನನ್ನ ಪಕ್ಕ ಕೂತಿದ್ದು ಎರಡನೇ ತರಗತಿಯ ಒಬ್ಬ ಹುಡುಗ. ಪುಸ್ತಕದ ಮೇಲೆ ಬೆರಳಿಟ್ಟು ‘ಅ... ಕ...’ ಅಂದ. ಮುಂದೆ ‘ಕ’ದ ಕೆಳಗೆ ಇನ್ನೊಂದು ಪುಟ್ಟ ‘ಕ’. ಬೆರಳು ನಿಂತಿತು. ಮುಖ ಕೆಂಪಾಯಿತು. ನಾನು ಹೇಳಿಬಿಡಲು ಬಾಯಿ ತೆರೆದೆ. ಆದರೆ ಪಕ್ಕದಲ್ಲಿದ್ದ ಅಕ್ಕೋರು ಸುಮ್ನಿರಿ ಅಂತ ಕಣ್ಣಲ್ಲೇ ಹೇಳಿದರು. ಅರ್ಧ ನಿಮಿಷ. ಆ ಅರ್ಧ ನಿಮಿಷ ಎಷ್ಟು ಉದ್ದ ಅಂತ ಕೂತವರಿಗೇ ಗೊತ್ತು. ಆಮೇಲೆ ಅವನೇ ‘ಅಕ್ಕ!’ ಅಂದ. ಓದಿಸುವವರು ಮೊದಲು ಕಲಿಯಬೇಕಾದ್ದು ಅದು. ಸುಮ್ನೆ ಕಾಯುವುದು. ವಯಸ್ಸಾದ ನಮ್ಮ ಹತ್ತಿರ ಅದಕ್ಕೆ ಹೊತ್ತಿದೆ, ನಲವತ್ತು ಮಕ್ಕಳ ಅಕ್ಕೋರ ಹತ್ತಿರ ಇರುವುದಿಲ್ಲ.

ಮಗುವಿನ ಮನೆಮಾತನ್ನು ತಿದ್ದಬೇಡಿ. ಕಾರವಾರದ ಕಡೆ ಮನೆಯಲ್ಲಿ ಕೊಂಕಣಿ, ಇಲ್ಲಿ ಕೆಲವರದ್ದು ಹವ್ಯಕ ಕನ್ನಡ, ಯಲ್ಲಾಪುರದ ಗೌಳಿ ಮಕ್ಕಳದ್ದು ಮರಾಠಿಗೆ ಹತ್ತಿರದ ಮಾತು. ಚಿತ್ರ ತೋರಿಸಿ ಮೊದಲು ಅವರ ಮಾತಲ್ಲೇ ಹೆಸರು ಹೇಳಲಿ. ‘ಉದಕ’ ಅನ್ನಲಿ, ಆಮೇಲೆ ಇಬ್ಬರೂ ಸೇರಿ ‘ನೀರು’ ಅಂತ ಓದಿ. ಹಾಗೆ ಕೂತಾಗ ನಾನೂ ಎಷ್ಟೋ ಮಾತು ಕಲಿತಿದ್ದೇನೆ.

ಮೊದಲ ತಿಂಗಳಲ್ಲಿ ಎರಡು ಸಲವಾದರೂ ‘ಯಾಕಪ್ಪಾ ಒಪ್ಪಿಕೊಂಡೆ’ ಅನ್ನಿಸುತ್ತದೆ. ಮಗು ಹೆಸರು ಮರೆತಿರುತ್ತದೆ, ನೀವೂ ಮರೆತಿರುತ್ತೀರಿ. ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ನಾಲ್ಕನೇ ವಾರ ಒಂದು ದಿನ ತಪ್ಪಿಸಿಕೊಂಡು ನೋಡಿದರೆ ತಿಳಿಯುತ್ತದೆ. ನನಗೆ ನೆಗಡಿ ಬಂದು ತಪ್ಪಿತ್ತು. ಮುಂದಿನ ವಾರ ಗೇಟಿನ ಹತ್ತಿರವೇ ಆ ಹುಡುಗ “ಕಳೆದ ಬುಧವಾರ ಯಾಕೆ ಬಂದಿಲ್ಲ?” ಅಂತ ಕೇಳಿದ. ಸಿಟ್ಟಿನಲ್ಲಿ. ನಿವೃತ್ತಿಯ ನಂತರ ನಾನು ಬರಲಿಲ್ಲ ಅಂತ ಸಿಟ್ಟಾದವರು ಅವನೊಬ್ಬನೇ. ಮನೆಗೆ ಬಂದು ಸ್ವಲ್ಪ ಅತ್ತೆ.

ಹೆಜ್ಜೆ 6: ಮಳೆ, ಬಸ್ಸು, ಜೇಬು

ಜೂನ್‌ನಿಂದ ಸೆಪ್ಟೆಂಬರ್ ತನಕ ಬೇರೆ ಯೋಜನೆ ಇರಲಿ. ಘಟ್ಟದ ಹಳ್ಳಿಗಳಲ್ಲಿ ಹಳ್ಳದ ಮೇಲಿನ ಕಾಲುಸಂಕ ದಾಟಿ ಹೋಗಬೇಕಾದ ಜಾಗವನ್ನು ಮಳೆಗಾಲಕ್ಕೆ ಒಪ್ಪಿಕೊಳ್ಳಲೇಬೇಡಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ. ಶಾಲೆಗೆ ಮಳೆ ರಜೆ ಕೊಟ್ಟ ದಿನ ನಿಮಗೂ ರಜೆ. ರಕ್ತ ಹೀರುವ ಉಂಬಳ ಇರುವ ದಾರಿಯಾದರೆ ಸುಣ್ಣದ ಡಬ್ಬಿ ಜೊತೆಗಿರಲಿ, ಸಕ್ಕರೆ ಕಾಯಿಲೆ ಇದ್ದವರು ಕಾಲಿನ ಗಾಯವನ್ನು ಅವತ್ತೇ ನೋಡಿಕೊಳ್ಳಿ.

2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ಗಂಡಸರಿಗೆ 60 ಆದ ಮೇಲೆ ಶೇ 25 ರಿಯಾಯಿತಿ ಇದೆ, ವಯಸ್ಸಿನ ದಾಖಲೆ ಇಟ್ಟುಕೊಳ್ಳಿ. ಚೀಲದಲ್ಲಿ ನೀರು, ಎರಡು ಬಿಸ್ಕೆಟ್ಟು, ಮಾತ್ರೆ, ಮನೆಯವರ ಫೋನ್ ನಂಬರ್ ಬರೆದ ಚೀಟಿ. ಕೈಯಿಂದ ಖರ್ಚು ಮಾಡುವುದಿದ್ದರೆ ತಿಂಗಳಿಗೆ ಇಷ್ಟೇ ಅಂತ ಮೊದಲೇ ಗೆರೆ ಎಳೆಯಿರಿ.

ಹೆಜ್ಜೆ 7: ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ

ಪ್ರತಿ ವಾರ ಹೋಗಿ ಬಂದ ರಾತ್ರಿ ಎರಡು ಸಾಲು ಬರೆಯಿರಿ. ಎಷ್ಟು ದಣಿವಾಯಿತು, ನಿದ್ದೆ ಹೇಗೆ ಬಂತು, ಯಾರ ಜೊತೆ ಮಾತಾಡಿದೆ. ಮೂರು ತಿಂಗಳ ನಂತರ ಓದಿ. ಹಿಂದಿನ ದಿನವೇ ಸೀರೆ ತೆಗೆದಿಡುವ ಮನಸ್ಸು ಬರುತ್ತಿದೆಯಾ? ಮುಂದುವರಿಸಿ. ಮಂಗಳವಾರ ಸಂಜೆಯೇ ಎದೆ ಭಾರವಾಗುತ್ತಿದೆಯಾ? ಜಾಗ ಬದಲಿಸಿ, ಅಥವಾ ಹದಿನೈದು ದಿನಕ್ಕೊಮ್ಮೆ ಮಾಡಿಕೊಳ್ಳಿ. ಬೇಡ ಅನ್ನುವ ಹಕ್ಕು ನಿಮಗೆ ಇದ್ದೇ ಇದೆ. ತಿಂಗಳುಗಟ್ಟಲೆ ಮನಸ್ಸು ಕುಗ್ಗಿ, ಊಟ ನಿದ್ದೆ ಬಿಟ್ಟಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಹಿರಿಯರನ್ನು ಕೆಲಸಕ್ಕೆ ಕರೆಯುವ ಶಾಲೆ, ಸಂಘದವರಿಗೂ ಒಂದು ಮಾತು. ಬೆನ್ನಿಗೆ ಆಸರೆ ಇರುವ ಕುರ್ಚಿ, ಕುಡಿಯುವ ನೀರು, ಹತ್ತಿರದಲ್ಲೇ ಶೌಚಾಲಯ ಮೂರೂ ಇರಲಿ. ಒಂದು ವಾರ ಬರದಿದ್ದರೆ ಫೋನ್ ಮಾಡಿ ವಿಚಾರಿಸಿ. ಸನ್ಮಾನಕ್ಕಿಂತ ಆ ಫೋನ್ ಹೆಚ್ಚು ಮುಟ್ಟುತ್ತದೆ.

ಹೊರಗೆ ಹೋಗಲು ಆಗದವರಿಗೆ

ಕಾಲು ನಡೆಯದಿದ್ದರೂ ಫೋನ್ ನಡೆಯುತ್ತದೆ. ನಮ್ಮ ಕಡೆ ತೋಟದ ಮನೆಗಳಲ್ಲಿ ಅಜ್ಜ ಅಜ್ಜಿ ಇಬ್ಬರೇ, ಕೆಲವು ಕಡೆ ಒಬ್ಬರೇ. ಹತ್ತಿರದ ಮನೆ ಅಂದರೆ ಗುಡ್ಡ ಇಳಿದು ಹಳ್ಳ ದಾಟಬೇಕು. ಅಂಥ ಇಬ್ಬರನ್ನು ಆರಿಸಿಕೊಳ್ಳಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಫೋನ್ ಮಾಡಿ, ತಿಂಡಿ ಆಯ್ತಾ, ರಾತ್ರಿ ನಿದ್ದೆ ಬಂತಾ ಅಂತ ಕೇಳಿ. ಇಬ್ಬರಿಗೂ ಐದೈದು ನಿಮಿಷ. ಕರೆ ಎತ್ತದಿದ್ದರೆ ಯಾರಿಗೆ ಹೇಳಬೇಕು ಅಂತ ಹತ್ತಿರದ ಮನೆಯ ನಂಬರ್ ಮೊದಲೇ ತೆಗೆದಿಟ್ಟುಕೊಳ್ಳಿ. ಹೊಡೆತ, ಆಸ್ತಿಯ ಒತ್ತಡ, ಊಟ ಕೊಡದಿರುವುದು ಇಂಥದ್ದು ಕಿವಿಗೆ ಬಿದ್ದರೆ ನೀವೇ ಜಗಳಕ್ಕೆ ಹೋಗಬೇಡಿ. ಹಿರಿಯರ ಸಹಾಯವಾಣಿ 14567 ಇದೆ, ಕರೆ ಉಚಿತ.

ಮಂಡಿ ಆಪರೇಷನ್ ಆಗಿ ಮನೆಯಲ್ಲೇ ಇರುವ ನನ್ನ ದೊಡ್ಡಕ್ಕ ಹೀಗೆ ಎರಡು ಮನೆಗೆ ಫೋನ್ ಮಾಡುತ್ತಾಳೆ. ಬೆಳಿಗ್ಗೆ ಎಂಟಕ್ಕೆ. ಮೊನ್ನೆ ನೆಟ್‌ವರ್ಕ್ ಇಲ್ಲದೆ ಎಂಟೂಕಾಲಾಯಿತಂತೆ. ಫೋನ್ ಎತ್ತಿದ ಅಜ್ಜಿ ಕೇಳಿದ್ದು ಒಂದೇ ಮಾತು: “ನಿಂಗೆ ಹುಷಾರಿಲ್ವಾ ತಂಗಿ? ನಾನೇ ಮಾಡೂಕೆ ಹೊರಟಿದ್ದೆ.”